ಶುಭಾಶಯವೋ, ಶುಭಾಷಯವೋ?

ಪ್ರಶ್ನೆ: ‘ಶುಭಾಶಯ’ ಸರಿಯೋ, ‘ಶುಭಾಷಯ’ ಸರಿಯೋ? ಬಾಯಲ್ಲಿ ಎರಡೂ ಒಂದೇ ಥರ ಕೇಳಿಸುತ್ತವೆ. ಕನ್ನಡ ಆಡಿದಂತೆ ಬರೆಯುವ ಭಾಷೆ ಅಂದಮೇಲೆ ಯಾವುದಾದರೇನು?

‘ಶುಭಾಶಯ’ ಸರಿ. ಪ್ರತಿ ಯುಗಾದಿಗೆ, ಪ್ರತಿ ನವೆಂಬರ್‌ಗೆ ಇದನ್ನೇ ಹೇಳುತ್ತಾ ಬಂದಿದ್ದೇನೆ. ಮತ್ತೊಮ್ಮೆ ಹೇಳುತ್ತೇನೆ. ಶುಭ, ಆಶಯ ಎರಡೂ ಕೂಡಿ ಶುಭಾಶಯ. ಆಶಯ ಅಂದರೆ ಮನಸ್ಸಿನ ಬಯಕೆ. ‘ಆಷಯ’ ಅನ್ನುವ ಪದವೇ ಇಲ್ಲ. ಇದರೊಳಗೆ ‘ಭಾಷೆ’ ಇದೆ ಅಂದುಕೊಂಡು ಷ ಹಾಕುವವರಿದ್ದಾರೆ. ಬಿಡಿಸಿ ನೋಡಿ, ಭಾಷೆ ಅಲ್ಲೆಲ್ಲೂ ಸಿಗುವುದಿಲ್ಲ.

ಆದರೆ ನನಗೆ ಬೇಸರ ತರಿಸುವುದು ಪ್ರಶ್ನೆಯ ಕೊನೆಯ ಸಾಲು. ಆಡಿದಂತೆ ಬರೆಯುತ್ತೇವೆ ಅನ್ನುವುದನ್ನು ಚಿಕ್ಕಂದಿನಲ್ಲಿ ಕೇಳಿದ್ದೇ ಬಂತು, ಯಾರೂ ಪರೀಕ್ಷೆ ಮಾಡಿ ನೋಡುವುದಿಲ್ಲ. ‘ಚಿಹ್ನೆ’ ಅನ್ನುವುದನ್ನು ಒಮ್ಮೆ ಜೋರಾಗಿ ಓದಿ. ‘ಚಿನ್ಹೆ’ ಅಂದಿರಿ, ಅಲ್ವಾ? ಬರಹದಲ್ಲಿ ಹ ಮೊದಲು, ಅದಕ್ಕೆ ನ ಒತ್ತು. ಬಾಯಲ್ಲಿ ಉಲ್ಟಾ. ಬ್ರಹ್ಮ, ಮಧ್ಯಾಹ್ನ, ಎರಡರ ಕಥೆಯೂ ಇದೇ. ‘ಜ್ಞಾನ’ದಲ್ಲಿ ಬರೆಯುವುದು ಜ, ಕೇಳಿಸುವುದು ‘ಗ್ನಾನ’. ಕೃಷ್ಣನನ್ನು ಕೂಗುವುದು ‘ಕ್ರುಷ್ಣಾ’ ಅಂತಲೇ. ಅಷ್ಟೇಕೆ, ‘ಮಾಡ್ತೀನಿ’ ಅಂತ ಹೇಳಿ ‘ಮಾಡುತ್ತೇನೆ’ ಅಂತ ಬರೆಯುತ್ತೇವೆ. ಇಂಗ್ಲಿಷಿಗಿಂತ ನಮ್ಮ ಬರಹ ಬಾಯಿಗೆ ಜಾಸ್ತಿ ಹತ್ತಿರ, ಅಷ್ಟು ನಿಜ. ಹತ್ತಿರ ಇದೆ ಅಂತ ಎರಡೂ ಒಂದೇ ಆಗಿಬಿಡುವುದಿಲ್ಲ.

ಶ, ಷ ಎರಡೂ ಸಂಸ್ಕೃತದ ಪದಗಳ ಜೊತೆ ನಮ್ಮಲ್ಲಿಗೆ ಬಂದವು. 13ನೇ ಶತಮಾನದ ವ್ಯಾಕರಣಕಾರ ಕೇಶಿರಾಜ ಅಚ್ಚಗನ್ನಡದ ಅಕ್ಷರಗಳನ್ನು 47 ಅಂತ ಎಣಿಸುವಾಗ ಇವೆರಡನ್ನೂ ಹೊರಗಿಟ್ಟ. ನಮ್ಮ ನಾಲಿಗೆ ಇವನ್ನು ಬೇರೆ ಮಾಡದಿದ್ದರೆ ಅದೇನೂ ಅಪರಾಧವಲ್ಲ. ಕಿವಿಯನ್ನು ನಂಬಿ ಬರೆಯಬೇಡಿ ಅನ್ನುವುದು ಅದಕ್ಕೇ. ಒಂದು ಸುಲಭದ ಗುರುತು ಹೇಳುತ್ತೇನೆ, ಇದನ್ನು ಕಲಿತವರು ಯಾರೂ ಮತ್ತೆ ತಪ್ಪಿದ್ದು ನಾನು ಕಂಡಿಲ್ಲ. ಕೆಳಗೆ ಟ, ಠ, ಣ ಒತ್ತು ಬಂದರೆ ಮೇಲೆ ಷ: ಕಷ್ಟ, ನಿಷ್ಠೆ, ಉಷ್ಣ. ಚ ಒತ್ತು ಬಂದರೆ ಶ: ನಿಶ್ಚಯ, ಪಶ್ಚಿಮ, ಆಶ್ಚರ್ಯ. ಷ ಹುಟ್ಟುವುದು ಟ ಹುಟ್ಟುವ ಜಾಗದಲ್ಲಿ, ನಾಲಿಗೆಯ ತುದಿ ಮೇಲಕ್ಕೆ ಮಡಚಿದಾಗ. ಶ ಹುಟ್ಟುವುದು ಚ ಹುಟ್ಟುವ ಜಾಗದಲ್ಲಿ. ಒಂದೇ ಜಾಗದವು ಜೊತೆಯಾಗುತ್ತವೆ. ಒತ್ತಿಲ್ಲದ ಕಡೆ ನಿಘಂಟು ನೋಡಿ.

ಒಮ್ಮೆ ಫ್ಲೆಕ್ಸ್ ಅಂಗಡಿಯಲ್ಲಿ ಪಕ್ಕದಲ್ಲಿ ನಿಂತು ಷ ತೆಗೆಸಿ ಶ ಹಾಕಿಸಿದೆ. ಹುಡುಗ ಖುಷಿಯಿಂದಲೇ ತಿದ್ದಿದ. ಆಮೇಲೆ ಪಕ್ಕದ ಪದ ನೋಡಿದರೆ ‘ಆರ್ಥಿಕ’ ಅಂತಿತ್ತು. ಆರ್ಥಿಕ ಅಂದರೆ ಹಣಕಾಸಿನದು. ಹೃದಯದಿಂದ ಬಂದದ್ದು ಹಾರ್ದಿಕ. ಅದನ್ನೂ ತಿದ್ದಿಸಿದೆ.

ಹಾಗಂತ ಹ ಬಿಟ್ಟು ಮಾತಾಡುವವರನ್ನು ಸುಮ್ನೆ ಆಡಿಕೊಳ್ಳಬೇಡಿ. ಹಳಗನ್ನಡದಲ್ಲಿ ಹಾಲು ‘ಪಾಲ್’ ಆಗಿತ್ತು, ಹುಲಿ ‘ಪುಲಿ’, ಹೂವು ‘ಪೂ’. ಪ ಸವೆದು ಹ ಆಯಿತು. ಕೆಲವರ ಮಾತಿನಲ್ಲಿ ಆ ಹ ಕೂಡ ಸವೆದು ‘ಆಲು’ ಆಗಿದೆ. ಮಾತಿನಲ್ಲಿ ಅದಕ್ಕೆ ನನ್ನ ತಕರಾರಿಲ್ಲ, ಬರೆಯುವಾಗ ಮಾತ್ರ ಹ ಇರಲಿ. ಆಡಿಕೊಂಡಷ್ಟೂ ಜನ ಹೆದರಿ, ಬೇಡದ ಕಡೆಯೂ ಹ ಸೇರಿಸುತ್ತಾರೆ. ಗಿರಣಿಯೊಂದರ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ, ದುಂಡು ಅಕ್ಷರದಲ್ಲಿ, ‘ಹಕ್ಕಿ ಹಿಟ್ಟು’ ಅಂತ ಬರೆದದ್ದನ್ನು ನಾನೇ ನೋಡಿದ್ದೇನೆ.