ಪದ ಪರಿಚಯ: ಸೈಕಲಾಜಿಕಲ್ ಹಾರರ್

ಹಾಳು ಬಂಗಲೆ, ಬಿಳಿ ಸೀರೆ, ಅಮಾವಾಸ್ಯೆ ರಾತ್ರಿ. ಮಾಮೂಲಿ ದೆವ್ವದ ಸಿನಿಮಾಕ್ಕೆ ಇಷ್ಟು ಸಾಕು. ಸೈಕಲಾಜಿಕಲ್ ಹಾರರ್ ಬೇರೆ ಬಗೆ. ಇಲ್ಲಿ ಭಯ ಹುಟ್ಟುವುದು ಪಾತ್ರದ ತಲೆಯೊಳಗೆ. ಕಂಡದ್ದು ನಿಜವೋ ಭ್ರಮೆಯೋ ಅವನಿಗೂ ಗೊತ್ತಿಲ್ಲ, ನೋಡುವ ನಮಗೂ ಗೊತ್ತಾಗುವುದಿಲ್ಲ. 'ಆಪ್ತಮಿತ್ರ'ದಲ್ಲಿ ಇದರ ಒಂದು ಪಾಲು ಇದೆ. ಆದರೆ ನಮ್ಮ ಜನಕ್ಕೆ ನೆನಪಿರುವುದು ನಾಗವಲ್ಲಿ, ಗಂಗಾಳ ಕಾಯಿಲೆ ಅಲ್ಲ!

ಈ ಪದದ ಜೊತೆಗೇ ಬರುವ ಇನ್ನೊಂದು ಪದ ಟ್ರಾಮಾ. ಯುದ್ಧ, ಅಪಘಾತ, ಮಗುವಿನ ಸಾವು, ದೌರ್ಜನ್ಯ ಇಂಥವು ಮನಸ್ಸಿನಲ್ಲಿ ಉಳಿಸಿಹೋಗುವ ಗಾಯ. ಎಲ್ಲೋ ಒಂದು ಸದ್ದು, ಒಂದು ವಾಸನೆ ಸಾಕು, ಮುಗಿದುಹೋದದ್ದು ಈಗಲೇ ನಡೆಯುತ್ತಿದೆ ಅನ್ನಿಸಿಬಿಡುತ್ತದೆ. ಮಂಡ್ಯ ಕಡೆ ಹಳ್ಳಿಗಳಲ್ಲಿ ಇಂಥವರನ್ನು ಕಂಡರೆ 'ಗಾಳಿ ಮೆಟ್ಟಿಕೊಂಡಿದೆ' ಎಂದು ತಾಯತ ಕಟ್ಟಿಸುತ್ತಿದ್ದರು. ಈಗಲೂ ಕಟ್ಟಿಸುವವರಿದ್ದಾರೆ. ಅಮೆರಿಕದ ಮನೋವೈದ್ಯರ ಸಂಘ ಕೂಡ ಇದನ್ನು ಪಿಟಿಎಸ್‌ಡಿ (ಆಘಾತದ ನಂತರ ಕಾಡುವ ಮಾನಸಿಕ ಒತ್ತಡದ ಕಾಯಿಲೆ) ಎಂಬ ಹೆಸರಲ್ಲಿ ತನ್ನ ಮಾನಸಿಕ ಕಾಯಿಲೆಗಳ ಕೈಪಿಡಿಗೆ ಸೇರಿಸಿದ್ದು 1980ರಲ್ಲಿ. ವಿಯೆಟ್ನಾಂ ಯುದ್ಧದಿಂದ ಮರಳಿದ ಸೈನಿಕರ ಸಂಕಟ ಅದಕ್ಕೆ ದೊಡ್ಡ ಕಾರಣ.

ಅದಕ್ಕೂ ಎಷ್ಟೋ ಮೊದಲೇ ಮೈಸೂರಿನ ತ್ರಿವೇಣಿ 'ಶರಪಂಜರ' ಬರೆದಿದ್ದರು. ಪುಟ್ಟಣ್ಣ ಕಣಗಾಲ್ ಸಿನಿಮಾದಲ್ಲಿ ಕಲ್ಪನಾ ಮಾಡಿದ ಕಾವೇರಿ ಆಸ್ಪತ್ರೆಯಿಂದ ಗುಣವಾಗಿಯೇ ಮನೆಗೆ ಬರುತ್ತಾಳೆ. ಮನೆಯವರು, ಅಕ್ಕಪಕ್ಕದವರು ಮಾತ್ರ ಅವಳನ್ನು ಹುಚ್ಚಿ ಅಂತಲೇ ನೋಡುತ್ತಾರೆ. ಅದನ್ನು ಯಾರೂ ಹಾರರ್ ಅನ್ನುವುದಿಲ್ಲ. ನನಗಂತೂ ಅದರ ಕೊನೆ ನೋಡುವಾಗ ಮೈ ನಡುಗುತ್ತದೆ.

ಇನ್ನು ಈ ಜಾತಿಯ ಸಿನಿಮಾಗಳ ಮೇಲೆ ಗಾಢವಾಗಿ ಅಚ್ಚೊತ್ತಿದ್ದು 1990ರ 'ಜೇಕಬ್ಸ್ ಲ್ಯಾಡರ್'. ನಿರ್ದೇಶಕ ಏಡ್ರಿಯನ್ ಲೈನ್. ವಿಯೆಟ್ನಾಂ ಯುದ್ಧದಿಂದ ಮರಳಿದ ಸೈನಿಕ ಜೇಕಬ್ ನ್ಯೂಯಾರ್ಕ್‌ನ ಅಂಚೆ ಇಲಾಖೆಯಲ್ಲಿ ಕೆಲಸಕ್ಕಿದ್ದಾನೆ. ಮಗನನ್ನೂ ಕಳೆದುಕೊಂಡವನು. ನೆಲದಡಿಯ ರೈಲಿನಲ್ಲಿ, ಪಾರ್ಟಿಯಲ್ಲಿ, ಆಸ್ಪತ್ರೆಯಲ್ಲಿ ಅವನಿಗೆ ಏನೇನೋ ಕಾಣುತ್ತದೆ. ಯಾಕೆ ಅಂತ ಕೊನೆಗೆ ತಿಳಿಯುತ್ತದೆ, ಅದನ್ನು ಇಲ್ಲಿ ಹೇಳಿದರೆ ಮಜಾ ಇರುವುದಿಲ್ಲ.

ಅದರಲ್ಲಿ ಎಲ್ಲರೂ ಮಾತಾಡುವುದು ತಲೆ ಅಲ್ಲಾಡಿಸುವ ದೃಶ್ಯದ ಬಗ್ಗೆ. ಉಪಾಯ ಸರಳ. ನಟ ತಲೆ ಅಲ್ಲಾಡಿಸುವಾಗ ಕ್ಯಾಮೆರಾವನ್ನು ತೀರಾ ನಿಧಾನಕ್ಕೆ ಓಡಿಸಿದರು, ಅಂದರೆ ಸೆಕೆಂಡಿಗೆ ಕೆಲವೇ ಫ್ರೇಮು (ಬಿಡಿ ಚಿತ್ರ) ತೆಗೆದರು. ಆಮೇಲೆ ಅದನ್ನೇ ಮಾಮೂಲಿ ವೇಗದಲ್ಲಿ ಅಂದರೆ ಸೆಕೆಂಡಿಗೆ 24 ಫ್ರೇಮಿನಂತೆ ತೋರಿಸಿದರು. ಆಗ ತಲೆ ವಿಪರೀತ ವೇಗದಲ್ಲಿ ಅಲ್ಲಾಡಿದಂತೆ ಕಂಡು ಮುಖ ಗುರುತೇ ಸಿಗದಂತೆ ಕಲಸಿಹೋಗುತ್ತದೆ. ಕಂಪ್ಯೂಟರ್ ಗ್ರಾಫಿಕ್ಸ್ ಇಲ್ಲ, ಮಾಡಿದ್ದೆಲ್ಲ ಕ್ಯಾಮೆರಾದಲ್ಲೇ. ಅದು ಬರುವುದು ಒಂದೆರಡು ಕ್ಷಣ ಅಷ್ಟೇ, 'ನಾನು ನೋಡಿದ್ದು ಏನು?' ಅಂತ ನಾವೇ ಕೇಳಿಕೊಳ್ಳುವಷ್ಟು. ಜೇಕಬ್‌ನ ಪಾಡೂ ಅದೇ ಅಲ್ವಾ? ಆಮೇಲಿನ ಹಾರರ್ ಸಿನಿಮಾಗಳು ಈ ನಡುಕವನ್ನು ಸಾಕುಸಾಕೆನ್ನುವಷ್ಟು ಬಳಸಿದವು. ಜಾಸ್ತಿಯವಕ್ಕೆ ನಡುಕ ಬೇಕಿತ್ತು, ಅದರ ಹಿಂದಿನ ನೋವು ಬೇಕಿರಲಿಲ್ಲ.

ನೋವನ್ನೂ ಸೇರಿಸಿ ತೆಗೆದುಕೊಂಡದ್ದು ಒಂದು ವಿಡಿಯೋ ಗೇಮ್. ಜಪಾನಿನ ಕೊನಾಮಿ ಕಂಪನಿ 1999ರಲ್ಲಿ ತಂದ 'ಸೈಲೆಂಟ್ ಹಿಲ್'. ತುಕ್ಕು ಹಿಡಿದ ಗೋಡೆ, ಕೊಳಕು ಆಸ್ಪತ್ರೆ, ತಲೆ ಕೊಡವುವ ಆಕಾರಗಳು ಎಲ್ಲವೂ ಆ ಸಿನಿಮಾದ ನೆನಪು ತರುತ್ತವೆ. 2001ರ ಎರಡನೇ ಭಾಗದಲ್ಲಿ ನಾಯಕ ಜೇಮ್ಸ್ ಎದುರು ಬರುವ ರಾಕ್ಷಸರು ಹುಟ್ಟಿದ್ದೇ ಅವನ ಪಾಪಪ್ರಜ್ಞೆಯಿಂದ. 2024ರಲ್ಲಿ ಅದರ ರೀಮೇಕ್ ಬಂತು. ಕುವೆಂಪುನಗರದಲ್ಲೋ ಸರಸ್ವತಿಪುರಂನಲ್ಲೋ ಅದನ್ನು ಆಡುವ ಹುಡುಗರು ಸಿಕ್ಕರೆ ಒಮ್ಮೆ ಕೇಳಿ ನೋಡಿ, ಜೇಮ್ಸ್ ಹಾಕಿಕೊಂಡಿರುವ ಆ ಮಿಲಿಟರಿ ಜಾಕೆಟ್ ಮೊದಲು ಯಾರ ಮೈಮೇಲಿತ್ತು ಅಂತ.