ನಿಂತಲ್ಲಿ ಬೆಳಕು ದಪ್ಪ: ರಾತ್ರಿ ಫೋಟೊ ಕಲಿಯುವವರಿಗೆ ಒಂದು ಟಿಪ್ಪಣಿ

ಕ್ಯಾಮೆರಾವನ್ನು ಟ್ರೈಪಾಡ್ ಮೇಲೆ ಕೂರಿಸಿ ಶಟರ್ ಅನ್ನು 30 ಸೆಕೆಂಡ್ ತೆರೆದಿಟ್ಟರೆ ಎರಡು ಬಗೆಯ ಬೆಳಕು ಒಳಗೆ ಬರುತ್ತದೆ. ಒಂದು ನಿಂತ ಬೆಳಕು: ಬೆಳದಿಂಗಳು, ಜಗಲಿಯ ಬಲ್ಬು. ಇನ್ನೊಂದು ನಡೆಯುವ ಬೆಳಕು: ಕೈಯಲ್ಲಿನ ಟಾರ್ಚು, ಘಾಟಿ ಇಳಿಯುವ ಬಸ್ಸಿನ ಹೆಡ್‌ಲೈಟು. ಎರಡರ ಲೆಕ್ಕ ಬೇರೆ ಬೇರೆ ಎಂದು ತಿಳಿಯಲು ನನಗೆ ವರ್ಷವೇ ಹಿಡಿಯಿತು.

ನಿಂತ ಬೆಳಕು ಸೆಕೆಂಡ್ ಕಳೆದಂತೆ ಜಮೆಯಾಗುತ್ತಲೇ ಹೋಗುತ್ತದೆ. 15 ಸೆಕೆಂಡನ್ನು 30 ಮಾಡಿದರೆ ಅಂಗಳಕ್ಕೆ ಒಂದು ಸ್ಟಾಪ್ ಹೆಚ್ಚು, ಅಂದರೆ ಎರಡು ಪಟ್ಟು ಬೆಳಕು ಸಿಗುತ್ತದೆ. ನಡೆಯುವ ಬೆಳಕು ಹಾಗಲ್ಲ. ಟಾರ್ಚು ಸೆನ್ಸರ್‌ನ ಒಂದೊಂದು ಚುಕ್ಕೆಯ ಮೇಲೂ ಕ್ಷಣ ಮಾತ್ರ ಇದ್ದು ಮುಂದೆ ಹೋಗಿಬಿಡುತ್ತದೆ. ಶಟರ್ ಇನ್ನೂ ಹತ್ತು ನಿಮಿಷ ತೆರೆದಿದ್ದರೂ ಆ ಗೆರೆ ಹೊಳಪಾಗುವುದಿಲ್ಲ, ಉದ್ದವಾಗುತ್ತದೆ ಅಷ್ಟೆ. ಗೆರೆಯ ಹೊಳಪನ್ನು ತೀರ್ಮಾನಿಸುವುದು ಅಪರ್ಚರ್ (ಲೆನ್ಸಿನ ಕಿಂಡಿ, ಎಫ್ ಅಂಕಿ ದೊಡ್ಡದಾದಷ್ಟೂ ಅದು ಚಿಕ್ಕದು), ಐಎಸ್‌ಒ (ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮ ಎಂಬ ಅಂಕಿ), ಮತ್ತು ಟಾರ್ಚು ಹಿಡಿದವರ ನಡಿಗೆ. ಬೇಗ ನಡೆದರೆ ಗೆರೆ ತೆಳು, ನಿಧಾನಿಸಿದರೆ ದಪ್ಪ, ನಿಂತರೆ ಬೆಳಕಿನ ಒಂದು ಮುದ್ದೆ. ರಾತ್ರಿ ಫೋಟೊದಲ್ಲಿ ಭಾವ ಎಲ್ಲಿಂದ ಬರುತ್ತದೆ ಎಂದು ಕೇಳಿದರೆ ನಾನು ತೋರಿಸುವುದು ಈ ಮುದ್ದೆಯನ್ನೇ.

ನಮ್ಮ ಮನೆ ಮೂಡಿಗೆರೆ ಕಡೆ, ಸುತ್ತ ಕಾಫಿ ತೋಟ. ಜನವರಿಯ ಒಂದು ಹುಣ್ಣಿಮೆ ರಾತ್ರಿ ಕಣದ ಅಂಚಿನಲ್ಲಿ ಕ್ಯಾಮೆರಾ ಇಟ್ಟು ಎಫ್ 8, ಐಎಸ್‌ಒ 200, 30 ಸೆಕೆಂಡ್‌ನಲ್ಲಿ ತೋಟದ ಫೋಟೊ ತೆಗೆಯುತ್ತಿದ್ದೆ. ಅಷ್ಟರಲ್ಲಿ ಅಜ್ಜಿ ಹಿತ್ತಲ ಬಾಗಿಲಿನಿಂದ ಟಾರ್ಚು ಹಿಡಿದು ಕೊಟ್ಟಿಗೆಗೆ ಹೋದರು. ಫೋಟೊ ಕೆಟ್ಟಿತು ಎಂದುಕೊಂಡೆ. ಪರದೆಯಲ್ಲಿ ನೋಡಿದರೆ ಅಜ್ಜಿ ಎಲ್ಲೂ ಇಲ್ಲ. ನಡೆಯುವ ಮೈಯ ಮೇಲೆ ಸಾಕಷ್ಟು ಬೆಳಕು ಬೀಳದಿದ್ದರೆ ಅದು ಚಿತ್ರದಲ್ಲಿ ಉಳಿಯುವುದಿಲ್ಲ. ಉಳಿದದ್ದು ಸೊಂಟದೆತ್ತರದ ಒಂದು ಗೆರೆ. ಹೆಜ್ಜೆಗೊಂದು ಸಣ್ಣ ಏರಿಳಿತ. ಬಲಗಾಲು ಎಳೆಯುವುದರಿಂದ ಒಂದು ಏರು ಚಿಕ್ಕದು, ಒಂದು ದೊಡ್ಡದು. ಬಾವಿಕಟ್ಟೆಯ ಹತ್ತಿರ ಮಾತ್ರ ಗೆರೆ ಗಂಟಾಗಿತ್ತು. ಬಾವಿಯ ಹತ್ತಿರ ಯಾಕೆ ನಿಂತಿರಿ ಎಂದು ಕೇಳಿದೆ. "ದಿನಾ ನಿಲ್ತೀನಲ್ಲ. ಬೈನೆ ಮರ ಮುರಿಯೋ ಸದ್ದು ಕೇಳುತ್ತಾ ಅಂತ" ಅಂದರು. ಆನೆ ತೋಟಕ್ಕೆ ಇಳಿದರೆ ಮೊದಲು ಕೇಳುವುದು ಆ ಸದ್ದೇ. ಅದೇ ಮನೆಯಲ್ಲಿದ್ದೂ ಅಜ್ಜಿ ದಿನಾ ಅಲ್ಲಿ ನಿಂತು ಕಿವಿಗೊಡುವುದು ನನಗೆ ಗೊತ್ತಿರಲಿಲ್ಲ.

ಈ ತಂತ್ರಕ್ಕೆ ಹಳೆಯ ಬೇರಿದೆ, ಅದೂ ಕಲೆಯದ್ದಲ್ಲ. 1889ರಲ್ಲಿ ಫ್ರಾನ್ಸಿನ ಜಾರ್ಜ್ ದೆಮೆನಿ, ಶರೀರವಿಜ್ಞಾನಿ ಎತಿಯೆನ್-ಜೂಲ್ ಮರೇ ಅವರ ಪ್ರಯೋಗಶಾಲೆಯಲ್ಲಿ, ಮನುಷ್ಯನ ಕೀಲುಗಳಿಗೆ ಸಣ್ಣ ಬಲ್ಬು ಕಟ್ಟಿ ನಡಿಗೆಯ ದೋಷವನ್ನು ಚಿತ್ರದಲ್ಲಿ ಹಿಡಿದರು. ಆಮೇಲೆ, 1910ರ ದಶಕದಲ್ಲಿ, ಅಮೆರಿಕದ ಫ್ರಾಂಕ್ ಮತ್ತು ಲಿಲಿಯನ್ ಗಿಲ್‌ಬ್ರೆತ್ ದಂಪತಿ ಕಾರ್ಮಿಕರ ಕೈಗೆ ಮಿಣುಕುವ ದೀಪ ಕಟ್ಟಿದರು. ಗೆರೆಯ ಬದಲು ಚುಕ್ಕೆಗಳ ಸಾಲು ಬರುತ್ತಿತ್ತು. ಚುಕ್ಕೆ ಹತ್ತಿರ ಹತ್ತಿರ ಇದ್ದರೆ ಕೈ ನಿಧಾನ, ದೂರವಾದರೆ ವೇಗ. ಅವರಿಗೆ ಬೇಕಿದ್ದದ್ದು ಅನಗತ್ಯ ಚಲನೆಯನ್ನೂ ತಡವರಿಕೆಯನ್ನೂ ಹುಡುಕಿ ತೆಗೆದುಹಾಕುವುದು. ನಾವು ಹುಡುಕುವುದೂ ಅದೇ ತಡವರಿಕೆಯನ್ನು, ಆದರೆ ಉಳಿಸಿಕೊಳ್ಳಲು. (ಅಗ್ಗದ ಎಲ್‌ಇಡಿ ಟಾರ್ಚಿನ ಗೆರೆ ಚುಕ್ಕೆ ಚುಕ್ಕೆಯಾಗಿ ಬಂದರೆ ಗಾಬರಿ ಬೇಡ. ಅದು ಕಣ್ಣಿಗೆ ಕಾಣದಷ್ಟು ವೇಗವಾಗಿ ಆರಿ ಹೊತ್ತುತ್ತಿರುತ್ತದೆ. ಲಾಟೀನಿನ ಗೆರೆ ನೂಲಿನಂತೆ ನಯವಾಗಿ ಬರುತ್ತದೆ.) 1949ರಲ್ಲಿ ಛಾಯಾಗ್ರಾಹಕ ಜೋನ್ ಮಿಲಿ ಅವರ ಕ್ಯಾಮೆರಾದ ಮುಂದೆ ಚಿತ್ರಕಾರ ಪಿಕಾಸೊ ಗಾಳಿಯಲ್ಲೇ ಬೆಳಕಿನ ಚಿತ್ರ ಬರೆದದ್ದು ಎಲ್ಲರಿಗೂ ಗೊತ್ತು. ಕಲಿಯುವವರು ಅಲ್ಲಿಂದಲೇ ಶುರುಮಾಡುತ್ತಾರೆ, ನಾನೂ ಮಾಡಿದ್ದೆ. ಟಾರ್ಚಿನಲ್ಲಿ ಹೃದಯ, ರೆಕ್ಕೆ ಎಲ್ಲ ಬರೆದಾಯಿತು. ಕೈ ಪಳಗಲು ಒಳ್ಳೆಯದೇ, ಆದರೆ ಹೃದಯದ ಆಕಾರ ಬರೆದ ಮಾತ್ರಕ್ಕೆ ಪ್ರೀತಿ ಕಾಣುವುದಿಲ್ಲ.

ಇನ್ನು ಕತ್ತಲಿನ ವಿಷಯ. ಹೆಚ್ಚಿನವರು ಎಡವುವುದು ಇಲ್ಲಿ. ಹುಣ್ಣಿಮೆಯ ಬೆಳಕು ಬಿಸಿಲಿಗಿಂತ ಸುಮಾರು 4 ಲಕ್ಷ ಪಟ್ಟು ಮಂದ. ಆದರೂ ಎಫ್ 4, ಐಎಸ್‌ಒ 400 ಇಟ್ಟು 30 ಸೆಕೆಂಡ್ ಕೊಟ್ಟರೆ ತೋಟ ಹಗಲಿನಂತೆ ಹಸಿರಾಗಿ ಬರುತ್ತದೆ, ಆಕಾಶ ನೀಲಿ. ಕ್ಯಾಮೆರಾ ತಪ್ಪು ಮಾಡಿಲ್ಲ, ನಮ್ಮ ಕಣ್ಣು ಬೇರೆ ಥರ. ಮಂದ ಬೆಳಕಿನಲ್ಲಿ ಕೆಲಸ ಮಾಡುವ ಕಣ್ಣಿನ ಕಡ್ಡಿಕೋಶಗಳಿಗೆ ಬಣ್ಣ ತಿಳಿಯದು. ಕತ್ತಲಾಗುತ್ತಾ ಕೆಂಪು ಮೊದಲು ಕಪ್ಪಾಗುತ್ತದೆ, ನೀಲಿ ಹೆಚ್ಚು ಹೊತ್ತು ಉಳಿಯುತ್ತದೆ. ಪುರ್ಕಿಂಜೆ ಪರಿಣಾಮ ಎನ್ನುವುದು ಇದಕ್ಕೇ. ಮುಸ್ಸಂಜೆ ದಾಸವಾಳವನ್ನೂ ಅದರ ಎಲೆಯನ್ನೂ ಹತ್ತು ನಿಮಿಷ ನೋಡಿ, ಗೊತ್ತಾಗುತ್ತದೆ. ಹಾಗಾಗಿ ರಾತ್ರಿ ರಾತ್ರಿಯಂತೆಯೇ ಕಾಣಲು ಕ್ಯಾಮೆರಾದ ಬೆಳಕಿನ ಮೀಟರ್ ಹೇಳಿದ್ದಕ್ಕಿಂತ ಎರಡು ಸ್ಟಾಪ್ ಕಡಿಮೆ, ಅಂದರೆ ಕಾಲು ಭಾಗದಷ್ಟೇ ಬೆಳಕು ಕೊಡಿ. ಅಜ್ಜಿಯ ಚಿತ್ರ ಹಾಗೆ ಬಂದದ್ದು ಎಫ್ 8ರ ಸಣ್ಣ ಕಿಂಡಿಯ ದೆಸೆಯಿಂದ, ನನ್ನ ಜಾಣತನದಿಂದ ಅಲ್ಲ. ಬಣ್ಣದ ಹದ ಹೊಂದಿಸುವ ವೈಟ್ ಬ್ಯಾಲೆನ್ಸ್ ಅನ್ನು ಆಟೊದಲ್ಲಿ ಬಿಡಬೇಡಿ. ಬೆಳಕಿನ ಬಣ್ಣವನ್ನು ಕೆಲ್ವಿನ್‌ನಲ್ಲಿ ಅಳೆಯುತ್ತಾರೆ, ಅಂಕಿ ಕಡಿಮೆಯಾದಷ್ಟೂ ಬೆಳಕು ಕಿತ್ತಳೆ. ಹಣತೆಯ ಬೆಳಕು ಸುಮಾರು 1900 ಕೆಲ್ವಿನ್, ಬೆಳದಿಂಗಳು ಸುಮಾರು 4100. ನಡುವೆ 3200ಕ್ಕೆ ನಿಲ್ಲಿಸಿದರೆ ಹಣತೆ ಕಿತ್ತಳೆಯಾಗಿಯೇ ಉಳಿದು ಬಯಲು ತುಸು ನೀಲಿಗೆ ತಿರುಗುತ್ತದೆ.

ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಚಾರ್ಮಾಡಿ ಘಾಟಿಯತ್ತ ಹೊರಟರೆ ಇನ್ನೊಂದು ಪಾಠ ಸಿಗುತ್ತದೆ. ತಿರುವಿನಲ್ಲಿ, ರಸ್ತೆಯಿಂದ ದೂರ, ಸುರಕ್ಷಿತ ಜಾಗ ನೋಡಿಕೊಂಡು ಕ್ಯಾಮೆರಾ ಇಡಿ. ಬರುವ ವಾಹನ ಬಿಳಿ ಗೆರೆ, ಹೋಗುವ ವಾಹನ ಕೆಂಪು ಗೆರೆ. ರಸ್ತೆ ಒಂದೇ. ಬಿಳಿಯನ್ನು ಬಿಟ್ಟು ಕೆಂಪು ಮಾತ್ರ ಬರುವಂತೆ ಕಾದು ತೆಗೆದರೆ, ಮಗಳನ್ನು ಬಸ್ ಹತ್ತಿಸಿ ಬಂದವರಿಗೆ ಆ ಚಿತ್ರವನ್ನು ವಿವರಿಸಿ ಹೇಳಬೇಕಾಗುವುದಿಲ್ಲ.

ದೀಪಾವಳಿಗೆ ಮಲೆನಾಡಿನಲ್ಲಿದ್ದರೆ ಅಂಟಿಗೆ-ಪಂಟಿಗೆಯವರನ್ನು ಕೇಳಿಕೊಂಡು ಒಂದು ಮನೆಯ ಎದುರು ಕ್ಯಾಮೆರಾ ಇಡಿ. ಹಾಡುತ್ತಾ ಮನೆಯಿಂದ ಮನೆಗೆ ದೀಪ ಒಯ್ಯುತ್ತಾರೆ, ಮನೆಯವರು ಎಣ್ಣೆ ಎರೆಯುತ್ತಾರೆ. ಶಟರ್ ತೆರೆದೇ ಇದ್ದರೆ ಗದ್ದೆಬದಿಯಿಂದ ಬಂದ ಸಣ್ಣ ಗೆರೆ, ಹೊಸಿಲಲ್ಲಿ ದಪ್ಪ ಬೆಳಕು, ಮತ್ತೆ ಗೆರೆ. ದೀಪದ ಸುತ್ತ ನಿಂತ ಮುಖಗಳು ಅರ್ಧಂಬರ್ಧ ಮೂಡುತ್ತವೆ, ಬಂದು ಹೋದವರು ಮೂಡುವುದೇ ಇಲ್ಲ. ಯಾರಿಗೂ ಪೋಸ್ ಕೊಡಿ ಎನ್ನಬೇಡಿ, ಫ್ಲಾಶ್ ಅಂತೂ ಬೇಡವೇ ಬೇಡ.

ಉಳಿದದ್ದು ಚುಟುಕಾಗಿ. ನಮ್ಮ ಚಳಿಗಾಲದಲ್ಲಿ ಲೆನ್ಸಿನ ಮೇಲೆ ಇಬ್ಬನಿ ಕೂರುತ್ತದೆ. ಬಿಸಿ ಅಕ್ಕಿಯ ಸಣ್ಣ ಗಂಟನ್ನು ಲೆನ್ಸಿಗೆ ಸುತ್ತಿ. ನಕ್ಷತ್ರ ಚುಕ್ಕೆಯಾಗಿ ಬರಬೇಕೆಂದರೆ 500 ಅನ್ನು ಲೆನ್ಸಿನ ಮೇಲೆ ಬರೆದ ಮಿಲಿಮೀಟರ್‌ನಿಂದ ಭಾಗಿಸಿ, ಬಂದಷ್ಟು ಸೆಕೆಂಡ್ ಸಾಕು: ಫುಲ್‌ಫ್ರೇಮ್ (ದೊಡ್ಡ ಸೆನ್ಸರಿನ) ಕ್ಯಾಮೆರಾಕ್ಕೆ 24 ಎಂಎಂನಲ್ಲಿ ಸುಮಾರು 20 ಸೆಕೆಂಡ್. ಸ್ಟೀಲ್ ಉಣ್ಣೆಗೆ ಬೆಂಕಿ ಹಚ್ಚಿ ತಿರುಗಿಸುವ ಆಟ ಒಣ ತರಗೆಲೆಯ ತೋಟದಲ್ಲಿ ಆಡಲೇಬೇಡಿ. ಆನೆ ಓಡಾಡುವ ಮೂಡಿಗೆರೆ, ಸಕಲೇಶಪುರ, ಆಲೂರು ಕಡೆಯವರು ಕತ್ತಲಲ್ಲಿ ಒಬ್ಬರೇ ತೋಟಕ್ಕೆ ಇಳಿಯಬೇಡಿ. ಅಭ್ಯಾಸಕ್ಕೆ ಅಂಗಳ ಸಾಕು.

ಅಜ್ಜಿಯ ಚಿತ್ರದಲ್ಲಿ ಒಂದು ದೋಷವಿದೆ: ಟ್ರೈಪಾಡಿನ ಒಂದು ಕಾಲು ತುಸು ಕುಸಿದು ಮನೆಯ ಹೆಂಚು ಮಸುಕಾಗಿದೆ. ಸರಿಪಡಿಸೋಣವೆಂದು ಮರುದಿನ ಅದೇ ಹೊತ್ತಿಗೆ ಇನ್ನೊಮ್ಮೆ ನಡೆಯಿರಿ ಎಂದೆ. ಸೆರಗು ಸರಿಮಾಡಿಕೊಂಡು ನಡೆದರು. ಹೆಂಚು ಒಂದೊಂದೂ ಎಣಿಸುವಷ್ಟು ಚೊಕ್ಕ. ಗೆರೆ ಹಿತ್ತಲ ಬಾಗಿಲಿನಿಂದ ಕೊಟ್ಟಿಗೆಯವರೆಗೆ ಒಂದೇ ಸಮ, ಬಾವಿಯ ಹತ್ತಿರವೂ.