ಗೆಣ್ಣು ಗೊತ್ತಾದರೆ ಮನಿ ಪ್ಲಾಂಟ್ ಗೊತ್ತಾದಂತೆ

ಒಂದು ಚಂದದ ಮನಿ ಪ್ಲಾಂಟ್ ಎಲೆಯನ್ನು ತೊಟ್ಟಿನ ಸಮೇತ ಕಿತ್ತು ಬಾಟಲಿಯ ನೀರಿಗೆ ಹಾಕಿದ್ದೆ. ಕೆಲವು ವಾರಗಳಲ್ಲಿ ಬೇರು ಬಂತು, ತುಂಬಾ ಖುಷಿಯಾಯಿತು. ಆದರೆ ತಿಂಗಳುಗಟ್ಟಲೆ ಕಾದರೂ ಇನ್ನೊಂದು ಎಲೆ ಬರಲೇ ಇಲ್ಲ. ಯಾಕೆ ಅಂತ ಹುಡುಕುತ್ತಾ ಹೋದಾಗ ಕಲಿತದ್ದು ಇಷ್ಟು.

ಕಬ್ಬಿನ ಗೆಣ್ಣು ನೋಡಿದ್ದೀರಲ್ಲ? ಈ ಬಳ್ಳಿಗೂ ಹಾಗೆಯೇ, ಎಲೆತೊಟ್ಟು ಕಾಂಡಕ್ಕೆ ಸೇರುವ ಕಡೆ ಒಂದು ಗೆಣ್ಣು ಇರುತ್ತದೆ. ಅಲ್ಲಿ ಕಂದು ಬಣ್ಣದ ಸಣ್ಣ ಮೊನೆ ಕಂಡರೆ ಅದು ಗಾಳಿಬೇರು. ಅಲ್ಲೇ, ತೊಟ್ಟಿನ ಬುಡದಲ್ಲಿ, ಒಂದು ಮೊಗ್ಗು ಮಲಗಿರುತ್ತದೆ. ಹೊಸ ಚಿಗುರು ಹೊರಡುವುದು ಅದರಿಂದ ಮಾತ್ರ. ಕಬ್ಬು ನೆಡುವವರು ಕಣ್ಣಿರುವ ತುಂಡನ್ನೇ ಆರಿಸುತ್ತಾರೆ, ಅಲ್ವಾ? ಇಲ್ಲೂ ಅದೇ ಲೆಕ್ಕ. ನಾನು ಹಾಕಿದ ಎಲೆಗೆ ಬೇರು ಬಂದಿತ್ತು, ಕಣ್ಣು ಇರಲಿಲ್ಲ.

ಹಾಗಾಗಿ ಗೆಣ್ಣಿನಿಂದ ಒಂದೆರಡು ಸೆಂಟಿಮೀಟರ್ ಕೆಳಗೆ ಕತ್ತರಿಸಿ. ಗೆಣ್ಣು ನೀರೊಳಗೆ ಇರಲಿ, ಎಲೆ ಹೊರಗಿರಲಿ. ಬೇರು ಎರಡು ಮೂರು ಇಂಚು ಬಂದ ಕೂಡಲೇ ಮಣ್ಣಿಗೆ ಹಾಕಿಬಿಡಿ. ನೀರಲ್ಲಿ ಜಾಸ್ತಿ ದಿನ ಬೆಳೆದ ಬೇರು ಮಣ್ಣಿಗೆ ಹೊಂದಿಕೊಳ್ಳಲು ಕಷ್ಟಪಡುತ್ತದೆ. ನೀರಲ್ಲೇ ಇಡುವುದಾದರೆ ವಾರಕ್ಕೊಮ್ಮೆ ತಪ್ಪದೆ ನೀರು ಬದಲಿಸಿ, ಬಾಟಲಿಯ ಒಳಗೋಡೆ ಉಜ್ಜಿ ತೊಳೆಯಿರಿ. ಡೆಂಗಿ ಹರಡುವ ಸೊಳ್ಳೆಗೆ ಇಂಥ ನಿಂತ ನೀರೇ ಬೇಕು.

ಇದು ಬೀಜದಿಂದ ಹುಟ್ಟುವ ಗಿಡ ಅಲ್ಲವೇ ಅಲ್ಲ ಎನ್ನುವಷ್ಟು ಅಪರೂಪಕ್ಕೆ ಹೂ ಬಿಡುತ್ತದೆ. ಮೂಲ ಊರು ಪೆಸಿಫಿಕ್ ಸಾಗರದ ಮೊರಿಯಾ ದ್ವೀಪ. ಸಸ್ಯಶಾಸ್ತ್ರದ ಹೆಸರು ಎಪಿಪ್ರೆಮ್ನಮ್ ಆರಿಯಮ್. 1880ರಲ್ಲಿ ಇಟ್ಟ ಮೊದಲ ಹೆಸರು ಪೋಥೋಸ್ ಆರಿಯಸ್. ಹೂವೇ ಸಿಗದಿದ್ದರೆ ಕುಲ ಗುರುತಿಸುವುದು ಕಷ್ಟ, ಅದಕ್ಕೇ ಹೆಸರು ಹಲವು ಸಲ ಬದಲಾಯಿತು. ಹಳೆಯ ಪೋಥೋಸ್ ಮಾತ್ರ ಜನರ ಬಾಯಲ್ಲಿ ಉಳಿದುಬಿಟ್ಟಿತು. ಹೂ ಬರಲು ಬೇಕಾದ ಜಿಬ್ಬರೆಲಿನ್ ಎಂಬ ಹಾರ್ಮೋನು ಈ ಗಿಡದಲ್ಲಿ ಸಾಕಷ್ಟು ತಯಾರಾಗುವುದಿಲ್ಲ ಎಂದು 2016ರ ಒಂದು ಸಂಶೋಧನೆ ತೋರಿಸಿದೆ. ಅಂದರೆ ನಮ್ಮ ನಿಮ್ಮ ಮನೆಯ ಬಳ್ಳಿಗಳೆಲ್ಲ ಯಾರೋ ಯಾರಿಗೋ ಕೊಟ್ಟ ತುಂಡಿನ ತುಂಡುಗಳು. ಇದು ತಿಳಿದ ಮೇಲೆ ನನಗೆ ಈ ಗಿಡದ ಮೇಲೆ ಪ್ರೀತಿ ಹೆಚ್ಚಾಯಿತು.

ಇನ್ನು ನೇತಾಡುವ ಬಳ್ಳಿಯ ವಿಷಯ. ತೋಟದಲ್ಲಿ ತೆಂಗಿನ ಮರಕ್ಕೆ ಹಬ್ಬಿದ ಮನಿ ಪ್ಲಾಂಟ್‌ನ ಎಲೆ ಮೊರದಷ್ಟು ಅಗಲ ಇರುತ್ತದೆ. ಮನೆಯೊಳಗೆ ಕಪಾಟಿನ ಮೇಲಿಂದ ಇಳಿಬಿಟ್ಟದ್ದು ಅಂಗೈಯಷ್ಟೇ. ಜಾತಿ ಒಂದೇ. ಮೇಲೆ ಹತ್ತಲು ಆಸರೆ ಸಿಕ್ಕರೆ ಎಲೆ ದೊಡ್ಡದಾಗುತ್ತಾ ಹೋಗುತ್ತದೆ, ಕೆಳಗೆ ಜೋತರೆ ಚಿಕ್ಕದಾಗಿಯೇ ಉಳಿಯುತ್ತದೆ. ದೊಡ್ಡ ಎಲೆ ಬೇಕಿದ್ದರೆ ತೆಂಗಿನ ನಾರು ಸುತ್ತಿದ ಕೋಲು ನೆಟ್ಟು ಬಳ್ಳಿಯನ್ನು ಅದಕ್ಕೆ ಕಟ್ಟಿ, ನಾರನ್ನು ಒದ್ದೆಯಾಗಿಡಿ. ಜೋತಾಡುವ ಚಂದವೇ ಬೇಕಿದ್ದರೆ ಇನ್ನೊಂದು ತೊಂದರೆ ಬರುತ್ತದೆ: ಬಳ್ಳಿ ಉದ್ದವಾಗುತ್ತದೆ, ಕುಂಡದ ಬುಡ ಬೋಳಾಗುತ್ತದೆ. ಸುಮ್ನೆ ಬಿಟ್ಟರೆ ಅದು ತುಂಬಿಕೊಳ್ಳುವುದಿಲ್ಲ. ತುದಿ ಕತ್ತರಿಸಿ. ಆಗ ಹಿಂದಿನ ಗೆಣ್ಣಿನ ಮೊಗ್ಗು ಎಚ್ಚರವಾಗುತ್ತದೆ. ಕತ್ತರಿಸಿದ ತುಂಡುಗಳನ್ನು ಅದೇ ಕುಂಡಕ್ಕೆ ಚುಚ್ಚಿ. ಅಥವಾ ಒಂದು ಬಳ್ಳಿಯನ್ನು ಮಣ್ಣಿನ ಮೇಲೆ ಸುತ್ತಿ, ಗೆಣ್ಣು ಮಣ್ಣಿಗೆ ತಾಗುವ ಹಾಗೆ ಹೇರ್‌ಪಿನ್ನಿನಿಂದ ಒತ್ತಿಡಿ. ನನಗೆ ಈ ಎರಡನೆಯದೇ ಇಷ್ಟ.

ನೀರಿಗೆ ವಾರದ ಲೆಕ್ಕ ಬೇಡ. ಬೆರಳನ್ನು ಒಂದಿಂಚು ಮಣ್ಣಿಗಿಳಿಸಿ ನೋಡಿ. ಒಣಗಿದ್ದರೆ ಮಾತ್ರ ತಳದ ತೂತಿನಿಂದ ಹರಿಯುವಷ್ಟು ಹಾಕಿ. ಮಳೆಗಾಲದಲ್ಲಿ ಮನೆಯೊಳಗಿನ ಮಣ್ಣು ನಿಧಾನ ಒಣಗುತ್ತದೆ. ಮಣ್ಣು ಒದ್ದೆಯಿದ್ದೂ ಎಲೆ ಹಳದಿಯಾದರೆ ಬೇರು ಕೊಳೆಯುತ್ತಿರಬಹುದು, ಮತ್ತೆ ನೀರು ಹಾಕಲೇಬೇಡಿ. ಬರೀ ಕೆಂಪು ಮಣ್ಣು ಗಟ್ಟಿಯಾಗುತ್ತದೆ, ಕೋಕೋಪೀಟ್ (ತೆಂಗಿನ ಸಿಪ್ಪೆಯ ಪುಡಿ) ಮತ್ತು ಎರೆಗೊಬ್ಬರ ಬೆರೆಸಿ.

ಬೆಳಕು ಕಡಿಮೆಯಿರುವ ಮೂಲೆಯಲ್ಲೂ ಗಿಡ ಬದುಕುತ್ತದೆ, ಆದರೆ ಹೊಸ ಎಲೆಗಳ ಹಳದಿ ಪಟ್ಟೆ ಕಡಿಮೆಯಾಗುತ್ತದೆ. ಪಟ್ಟೆ ಬೇಕಿದ್ದರೆ ಕಿಟಕಿಯ ಹತ್ತಿರ, ನೇರ ಬಿಸಿಲು ಬೀಳದ ಕಡೆ ಇಡಿ.

ಬೆಕ್ಕು, ನಾಯಿ, ಅಂಬೆಗಾಲಿಡುವ ಮಗು ಇರುವ ಮನೆಯವರು ಇದನ್ನು ಮರೆಯಬೇಡಿ. ಇದು ಕೆಸುವಿನ ಕುಟುಂಬದ ಗಿಡ. ಕೆಸುವಿನ ಎಲೆ ಗಂಟಲು ತುರಿಸುವುದು ಅದರಲ್ಲಿರುವ ಕ್ಯಾಲ್ಸಿಯಂ ಆಕ್ಸಲೇಟ್‌ನ ಸೂಜಿಯಂಥ ಹರಳುಗಳಿಂದ. ಮನಿ ಪ್ಲಾಂಟ್‌ನಲ್ಲೂ ಅದೇ ಹರಳುಗಳಿವೆ. ಕಚ್ಚಿದರೆ ಬಾಯಿ ಉರಿಯುತ್ತದೆ, ಜೊಲ್ಲು ಸುರಿಯುತ್ತದೆ, ವಾಂತಿಯೂ ಆಗಬಹುದು. ಪತ್ರೊಡೆಗೆ ಕೆಸುವಿನ ಎಲೆಯನ್ನು ಹುಣಸೆಹುಳಿ ಹಾಕಿ ಬೇಯಿಸಿ ತಿನ್ನುವ ಹಾಗೆ ಇದನ್ನು ತಿನ್ನಲು ಬರುವುದಿಲ್ಲ. ಕುಂಡವನ್ನು ಎತ್ತರದಲ್ಲಿಟ್ಟರೆ ಸಾಲದು, ಜೋತ ಬಳ್ಳಿಯ ತುದಿ ನೆಲದಿಂದ ಎಷ್ಟು ಮೇಲಿದೆ ಅಂತಲೂ ನೋಡಿ. ಕೈಗೆಟಕುವಷ್ಟು ಬಂದಿದ್ದರೆ ಗೆಣ್ಣು ನೋಡಿ ಕತ್ತರಿಸಿ, ನೀರಿಗೆ ಹಾಕಿ.